‘ಮನೇಲೇ ಇರ್ತೀಯಲ್ಲ’ ಅನ್ನುವ ಮುಂಚೆ...

ಸಂಜೆ ಆರೂವರೆ. ನಮ್ಮ ಮನೆಗಳಲ್ಲಿ ಅದು ದೇವರ ಮುಂದೆ ದೀಪ ಹಚ್ಚುವ ಹೊತ್ತು. ಬಾಗಿಲಿಗೆ ನೀರು ಹಾಕಿ, ಮಕ್ಕಳ ಕೈಕಾಲು ತೊಳೆಸಿ, ಒಲೆ ಮೇಲೆ ಹಾಲಿಡುವ ಗಡಿಬಿಡಿ. ಸರಿಯಾಗಿ ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ನನ್ನ ವಾರಗಿತ್ತಿ ಲ್ಯಾಪ್‌ಟಾಪ್ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅತ್ತೆ ಬತ್ತಿ ಹೊಸೆಯುತ್ತಾ, “ದೀಪ ಹಚ್ಚೋ ಹೊತ್ನಲ್ಲಿ ಬಾಗ್ಲು ಹಾಕ್ಕೊಳ್ಳೋ ಸೊಸೇನ ಇದೇ ಮೊದ್ಲು ನೋಡಿದ್ದು ಕಣವ್ವ” ಅಂತ ನನ್ನ ಮುಖ ನೋಡುತ್ತಿದ್ದರು. ನಾನೂ ಹೌದು ಅನ್ನುವ ಹಾಗೆ ತಲೆಯಾಡಿಸುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾವಿಬ್ಬರೂ ಹೆಗ್ಗಡದೇವನಕೋಟೆಯ ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಾನು ಬಿ.ಎ. ಮುಗಿಸಿ ಮನೆ ನೋಡಿಕೊಂಡು, ಬಿಡುವಾದಾಗ ಪತ್ರಿಕೆಗಳಿಗೆ ಬರೆದುಕೊಂಡು ಇರುವವಳು. ಅವಳು ಮೈಸೂರಿನಲ್ಲಿ ಬಿ.ಇ. ಓದಿ, ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದವಳು. ಮೈದುನನದು ಹ್ಯಾಂಡ್‌ಪೋಸ್ಟ್‌ನಲ್ಲಿ ಗೊಬ್ಬರದ ಅಂಗಡಿ. ಮಗು ಹುಟ್ಟಿದ ಮೇಲೆ ಅವಳು ಕೆಲಸ ಬಿಟ್ಟು ಕೋಟೆಗೆ ಬಂದಳು. ಮೂರು ವರ್ಷ ಸುಮ್ಮನಿದ್ದು ಆಮೇಲೆ ಹೊರದೇಶದ ಕಂಪನಿಗಳಲ್ಲಿ ಮನೆಯಿಂದಲೇ ಮಾಡುವ ಕೆಲಸ ಹುಡುಕತೊಡಗಿದಳು.

ಇದನ್ನು ಬರೆಯಲು ಕಾರಣ, ಈಚೆಗೆ ಸಿಕ್ಕಸಿಕ್ಕವರೆಲ್ಲ ಕೇಳುವ ಒಂದೇ ಪ್ರಶ್ನೆ. “ಮನೇಲಿ ಕೂತ್ಕೊಂಡೇ ಫಾರಿನ್ ಕಂಪನಿಗೆ ಕೆಲಸ ಮಾಡಿ ಡಾಲರಲ್ಲಿ ಸಂಬಳ ತಗೋಬಹುದಂತೆ, ನಿಜವಾ?” ನಿಜ. ಆದರೆ ಆ ಕೆಲಸ ಸಿಗುವುದು, ಸಿಕ್ಕಿದ್ದು ಉಳಿಯುವುದು ಎರಡಕ್ಕೂ ಕಂಪ್ಯೂಟರಿಗಿಂತ ಮುಂಚೆ ಮನೆಯವರು ತಯಾರಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ಆ ತಪ್ಪನ್ನು ಹೇಳಿಬಿಡುತ್ತೇನೆ. ಅವಳಿಗೆ ಒಂದು ಒಳ್ಳೆಯ ಕಂಪನಿಯ ಎರಡನೇ ಸುತ್ತಿನ ಇಂಟರ್‌ವ್ಯೂ ಇತ್ತು. ಬೆಳಿಗ್ಗೆಯೇ ಹೇಳಿದ್ದಳು, “ಅಕ್ಕಾ, ಮೂರರಿಂದ ನಾಲ್ಕೂವರೆ ನನ್ನನ್ನ ಕರೀಬೇಡಿ” ಅಂತ. ಮೂರೂಕಾಲಿಗೆ ಪಿರಿಯಾಪಟ್ಟಣದ ನೆಂಟರು ಬಂದರು. ಅತ್ತೆಗೆ ಮಂಡಿ ನೋವು, ನನ್ನ ಕೈ ಹಿಟ್ಟಿನಲ್ಲಿ. ನಾನು ಹೋಗಿ ಬಾಗಿಲು ತಟ್ಟಿದೆ. “ಐದು ನಿಮಿಷ ಬಾ, ಕಾಫಿ ಬೆರೆಸಿಕೊಟ್ಟು ಹೋಗು, ಮನೇಲೇ ಇದ್ದೀಯಲ್ಲ!” ಅವಳು ಬಂದಳು. ಬೆರೆಸಿಕೊಟ್ಟಳು. ನೆಂಟರ ಹತ್ತಿರ ನಾಲ್ಕು ಮಾತಾಡಿ ಒಳಗೆ ಹೋದಳು. ಆ ಕೆಲಸ ಸಿಗಲಿಲ್ಲ. ಕಾಫಿಯಿಂದಲೇ ಹೋಯಿತು ಅಂತ ಅವಳು ಒಂದು ದಿನವೂ ಅಂದಿಲ್ಲ. ನನಗೆ ಮಾತ್ರ ಗೊತ್ತು. ಅದೇ ಅವಳು ಬೆಂಗಳೂರಿನ ಆಫೀಸಿನಲ್ಲಿ ಕೂತಿದ್ದರೆ ನಾನು ಬಸ್ಸು ಹತ್ತಿಕೊಂಡು ಹೋಗಿ ಕಾಫಿಗೆ ಕರೆದು ತರುತ್ತಿದ್ದೆನೇ?

ಮನೆಯಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುವುದು ಕೊರೊನಾ ಬಂದಮೇಲೆ ಹುಟ್ಟಿದ್ದು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಇಂಗ್ಲೆಂಡಿನ ಸ್ಟೆಫನಿ ಶರ್ಲಿ ಅನ್ನುವವರು 1962ರಲ್ಲೇ ಮನೆಯಲ್ಲಿರುವ ಹೆಂಗಸರನ್ನು ಸೇರಿಸಿಕೊಂಡು ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಕಂಪನಿ ಕಟ್ಟಿದರು. ಬಂಡವಾಳ ಆರು ಪೌಂಡ್! ಮದುವೆ, ಬಾಣಂತನ ಅಂತ ಕೆಲಸ ಬಿಟ್ಟವರೇ ಅವರ ಪ್ರೋಗ್ರಾಮರ್‌ಗಳು. ಮೊದಲ ಮುನ್ನೂರು ಜನರಲ್ಲಿ ಗಂಡಸರು ಮೂವರೇ. ಹೆಂಗಸಿನ ಹೆಸರಲ್ಲಿ ಬರೆದ ಕಾಗದಕ್ಕೆ ಯಾರೂ ಉತ್ತರ ಕೊಡುತ್ತಿಲ್ಲ ಅಂತ ಗೊತ್ತಾದಾಗ ‘ಸ್ಟೀವ್’ ಅಂತ ಗಂಡಸಿನ ಹೆಸರು ಹಾಕಿ ಸಹಿ ಮಾಡಿದರು, ಆಮೇಲೆ ಉತ್ತರ ಬರತೊಡಗಿತು. ಫೋನಿನಲ್ಲಿ ಮಗುವಿನ ಅಳು ಕೇಳಿಸದಿರಲಿ ಅಂತ ಟೈಪ್‌ರೈಟರ್ ಸದ್ದನ್ನು ಟೇಪ್ ಮಾಡಿಕೊಂಡು ಹಿಂದಿನಿಂದ ಹಾಕುತ್ತಿದ್ದರಂತೆ. ಕಾನ್‌ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಂ ಬರೆದವರು ಹೀಗೆ ಮನೆಯಲ್ಲಿದ್ದ ಹೆಂಗಸರೇ. ಶರ್ಲಿ 2025ರ ಆಗಸ್ಟ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಟೇಪಿನ ಕಥೆ ಓದಿದಾಗ ನನಗೆ ನಮ್ಮ ಮನೆಯ ಕುಕ್ಕರ್ ವಿಷಲ್ ನೆನಪಾಯಿತು. ಇಷ್ಟು ವರ್ಷವಾದರೂ ನಾವು ಸದ್ದು ಮುಚ್ಚಿಡುವುದರಲ್ಲೇ ಇದ್ದೇವೆ.

ನಮ್ಮ ಕರ್ನಾಟಕಕ್ಕೂ ಇದು ಹೊಸದಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಟೆಕ್ಸಾಸಿಗೆ ಕಳಿಸಲು ಶುರುಮಾಡಿತು. ಆಗ ಉಪಕರಣಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದನ್ನು ಕಂಪನಿಯವರೇ ಹೇಳಿಕೊಳ್ಳುತ್ತಾರೆ. ಅತ್ತೆ “ಇಲ್ಲಿ ಕೂತು ಅಲ್ಲಿ ಕೆಲ್ಸ ಮಾಡೋದಂದ್ರೆ ಹೆಂಗೆ?” ಅಂತ ಕೇಳಿದಾಗ ನಾನು ಹೇಳಿದ್ದು ಈ ಎತ್ತಿನ ಗಾಡಿ ಕಥೆಯನ್ನೇ. ಈಗ ಗಾಡಿ ಬೇಡ, ನಮ್ಮ ಬೀದಿಗೆ ಬಂದಿರುವ ಫೈಬರ್ ತಂತಿ ಸಾಕು.

ಇನ್ನು ಹೊತ್ತಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕೆಲಸ ಹುಡುಕುವವರು ಸಂಬಳ ನೋಡುತ್ತಾರೆಯೇ ಹೊರತು ಗಡಿಯಾರ ನೋಡುವುದಿಲ್ಲ. ನನ್ನ ವಾರಗಿತ್ತಿಗೆ ಮೊದಲು ಸಿಕ್ಕಿದ್ದು ನ್ಯೂಯಾರ್ಕಿನ ಕೆಲಸ. ಬೇಸಿಗೆಯಲ್ಲಿ ಸಂಜೆ ಆರೂವರೆಗೆ ಶುರು, ಚಳಿಗಾಲದಲ್ಲಿ ಏಳೂವರೆಗೆ. ಮುಗಿಯುವಷ್ಟರಲ್ಲಿ ನಡುರಾತ್ರಿ ಎರಡೂವರೆ, ಮೂರೂವರೆ. ಕ್ಯಾಲಿಫೋರ್ನಿಯಾದ್ದಾದರೆ ಇನ್ನೂ ಮೂರು ಗಂಟೆ ತಡ. ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗರು ಬೆಳಿಗ್ಗೆ ಹನ್ನೊಂದರವರೆಗೆ ಮಲಗುತ್ತಾರೆ. ಸೊಸೆ ಮಲಗಲಾದೀತೇ? ಎಂಟೂವರೆಗೆ ಸ್ಕೂಲ್ ವ್ಯಾನ್ ಬರುತ್ತದೆ, ಡಬ್ಬಿ ಕಟ್ಟಬೇಕು. ಐದು ತಿಂಗಳಲ್ಲಿ ಅವಳಿಗೆ ಹೊಟ್ಟೆಯುರಿ ಅಂಟಿಕೊಂಡಿತು, ಮಗು ನನ್ನ ಹತ್ತಿರವೇ ಮಲಗುವ ಅಭ್ಯಾಸ ಮಾಡಿಕೊಂಡಿತು. ಕೊನೆಗೆ ಬಿಟ್ಟಳು. “ಹೇಳಿರಲಿಲ್ವಾ?” ಅಂದರು ಅತ್ತೆ. ಹೇಳಿದ್ದೇನೋ ಹೌದು, ಆದರೆ ಬೆಳಿಗ್ಗೆ ಆರಕ್ಕೆ ಅವಳನ್ನು ಎಬ್ಬಿಸದೆ ಬಿಡೋಣ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಜರ್ಮನಿಯ ಬೆಳಗಿನ ಒಂಬತ್ತು ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಲಂಡನ್ನಿನದು ಒಂದೂವರೆ. ಸಿಂಗಪುರದ ಒಂಬತ್ತು ನಮ್ಮ ಬೆಳಗಿನ ಆರೂವರೆ, ಮಧ್ಯಾಹ್ನ ಮೂರರ ಒಳಗೆ ಕೆಲಸ ಮುಗಿದೇ ಹೋಗುತ್ತದೆ. ಅದೂ ಅಲ್ಲದೆ ಎಷ್ಟೋ ಕಂಪನಿಗಳು ಪೂರ್ತಿ ಅವರ ಹೊತ್ತಿಗೇ ಕೂರಬೇಕು ಅನ್ನುವುದಿಲ್ಲ, ದಿನಕ್ಕೆ ಮೂರು ನಾಲ್ಕು ಗಂಟೆ ಜೊತೆಗಿದ್ದರೆ ಸಾಕು ಅನ್ನುತ್ತವೆ. ಎಷ್ಟು ಗಂಟೆ ಅಂತ ಇಂಟರ್‌ವ್ಯೂನಲ್ಲೇ ಬಾಯಿಬಿಟ್ಟು ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ನಮಗೆ ಮಾತ್ರ, ಅವರಿಗಿಲ್ಲ.

ಇನ್ನೊಂದು ಮೋಸದ ಪದ ‘ರಿಮೋಟ್’. ಜಾಹೀರಾತಿನಲ್ಲಿ ಹಾಗಿದ್ದ ಮಾತ್ರಕ್ಕೆ ಕೋಟೆಯಿಂದ ಮಾಡಬಹುದು ಅಂತಲ್ಲ. ಎಷ್ಟೋ ಕಡೆ ‘ಅಮೆರಿಕದೊಳಗೆ ಎಲ್ಲಿಂದಾದರೂ’ ಅಂತ ಅದರರ್ಥ. ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಇದನ್ನು ಓದದೆ ಅರವತ್ತು ಕಡೆ ಅರ್ಜಿ ಹಾಕಿ, ಒಂದಕ್ಕೂ ಉತ್ತರ ಬರಲಿಲ್ಲ, ನಾನೇ ಪೆದ್ದಿ ಅಂತ ಅವಳು ಅತ್ತದ್ದುಂಟು. ‘ಪ್ರಪಂಚದ ಎಲ್ಲಿಂದಾದರೂ’ ಅಂತ ಸ್ಪಷ್ಟವಾಗಿ ಹೇಳಿರುವ ಕಡೆ ಮಾತ್ರ ಹಾಕಿ. ಅಂಥವೂ ಇವೆ. ಗಿಟ್‌ಲ್ಯಾಬ್ ಅನ್ನುವ ಕಂಪನಿ ಆಫೀಸು ಕಟ್ಟಡವೇ ಇಲ್ಲದೆ ಬೆಳೆದು 2021ರಲ್ಲಿ ಅಮೆರಿಕದ ಷೇರುಪೇಟೆಗೂ ಬಂತು. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೋಮ್ಯಾಟಿಕ್‌ನ ಜನರೂ ದೇಶದೇಶಗಳಲ್ಲಿ ಚದುರಿಕೊಂಡೇ ಕೆಲಸ ಮಾಡುತ್ತಾರೆ. ಅಪ್‌ವರ್ಕ್‌ನಂಥ ಕಡೆ ಹೆಸರು ನೋಂದಾಯಿಸಿ ಚಿಕ್ಕ ಕೆಲಸ ಹಿಡಿಯಬಹುದು, ಆದರೆ ಅಲ್ಲಿ ಕಡಿಮೆ ರೇಟಿಗೆ ಕೂಗುವವರ ಸಂತೆಯೇ ನೆರೆದಿರುತ್ತದೆ, ಕಮಿಷನ್ನೂ ಹಿಡಿಯುತ್ತಾರೆ.

ವಾರಗಿತ್ತಿಗೆ ಕಡೆಗೆ ಕೆಲಸ ಸಿಕ್ಕಿದ್ದು ಅರ್ಜಿಯಿಂದ ಅಲ್ಲವೇ ಅಲ್ಲ. ಮೊದಲು ಜೊತೆಗೆ ಕೆಲಸ ಮಾಡಿದ್ದ ಗೆಳತಿಯೊಬ್ಬಳು ಜರ್ಮನಿಯಲ್ಲಿದ್ದಳು. ಸಂಕೋಚಪಟ್ಟು ಪಟ್ಟು ಒಂದು ದಿನ ಅವಳಿಗೆ ಮೆಸೇಜು ಹಾಕಿದಳು. ಅಷ್ಟರಲ್ಲಿ ಇವಳು ಒಂದು ಜಾಣತನ ಮಾಡಿದ್ದಳು. ಮೂರು ವರ್ಷದ ಖಾಲಿ ಜಾಗ ಬಯೋಡೇಟಾದಲ್ಲಿ ಕಾಣುತ್ತದಲ್ಲ, ಅದನ್ನು ಮುಚ್ಚಿಡುವ ಬದಲು ದಿನಕ್ಕೆ ಒಂದು ಗಂಟೆ ಕೂತು, ಎಲ್ಲರಿಗೂ ತೆರೆದಿರುವ ಉಚಿತ ಸಾಫ್ಟ್‌ವೇರ್ ಒಂದರಲ್ಲಿ ತಪ್ಪು ಹುಡುಕಿ, ಅದನ್ನು ಪರೀಕ್ಷಿಸುವ ಪ್ರೋಗ್ರಾಂ ಬರೆದು ಗಿಟ್‌ಹಬ್‌ನಲ್ಲಿ ಹಾಕುತ್ತಿದ್ದಳು. ಆರು ತಿಂಗಳ ಈ ಕೆಲಸವನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಜರ್ಮನಿಯವರು ನೋಡಿದ್ದು ಅದನ್ನೇ. ಮೂರು ವರ್ಷ ಏನು ಮಾಡುತ್ತಿದ್ದೆ ಅಂತ ಕೇಳಿದಾಗ “ಮಗು ಬೆಳೆಸುತ್ತಿದ್ದೆ” ಅಂತ ನೇರವಾಗಿ ಹೇಳಿದಳಂತೆ. ಅವರು ಮುಂದಿನ ಪ್ರಶ್ನೆಗೆ ಹೋದರಂತೆ.

ಸಂಬಳದ ಮಾತು ಬಂದಾಗ ನಮ್ಮ ಮನೆಯಲ್ಲಿ ನಡೆದದ್ದು ತಮಾಷೆಯಾಗಿದೆ. ಅವರು ಗಂಟೆಗೆ ಇಷ್ಟು ಅಂತ ಒಂದು ರೇಟು ಹೇಳಿದ್ದರು. ಇವಳು ರೂಪಾಯಿಗೆ ತಿರುಗಿಸಿ ನೋಡಿ, ಬೆಂಗಳೂರಿನ ಹಳೇ ಸಂಬಳಕ್ಕಿಂತ ಜಾಸ್ತಿಯೇ ಇದೆ ಅಂತ ಒಪ್ಪಿಕೊಳ್ಳಲು ಹೊರಟಿದ್ದಳು. ಮಾವ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಹೊಗೆಸೊಪ್ಪು ಬೆಳೆದು ಮೂವತ್ತು ವರ್ಷ ಹರಾಜು ಮಾರುಕಟ್ಟೆಗೆ ಬೇಲ್ ಹೊತ್ತವರು. “ಮೊದಲ್ನೇ ರೇಟಿಗೆ ತಲೆ ಆಡಿಸಿಬಿಟ್ಯೇನವ್ವ? ಸೊಪ್ಪು ಚೆನ್ನಾಗಿದ್ರೆ ಬೇಲು ವಾಪಸ್ ತಂದಾದ್ರೂ ತರ್ತೀವಿ, ಕೊಡಲ್ಲ” ಅಂದರು. ಅವಳು ನಕ್ಕಳು. ಆದರೆ ಆ ರಾತ್ರಿ ಕೂತು ಲೆಕ್ಕ ಹಾಕಿದಳು. ಕಂಟ್ರ್ಯಾಕ್ಟ್ ಕೆಲಸಕ್ಕೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಜ್ವರ ಬಂದು ಮಲಗಿದ ದಿನಕ್ಕೆ ದುಡ್ಡಿಲ್ಲ. 2017ರ ತಿದ್ದುಪಡಿಯಿಂದ ಕಂಪನಿ ನೌಕರಿಯಲ್ಲಿರುವ ಹೆಂಗಸರಿಗೆ 26 ವಾರಗಳ ಹೆರಿಗೆ ರಜೆ ಸಂಬಳದ ಸಮೇತ ಸಿಗುತ್ತದೆ, ಇವಳಿಗೆ ಅದೂ ಇಲ್ಲ. ಲ್ಯಾಪ್‌ಟಾಪ್, ಇನ್ವರ್ಟರ್, ಎರಡು ಇಂಟರ್‌ನೆಟ್, ಆರೋಗ್ಯ ವಿಮೆ ಎಲ್ಲಾ ತನ್ನದೇ ಖರ್ಚು. ಮಾರನೇ ದಿನ ಅವರು ಹೇಳಿದ್ದಕ್ಕಿಂತ ಅರ್ಧದಷ್ಟು ಹೆಚ್ಚು ಕೇಳಿದಳು. ಅವರು ಸ್ವಲ್ಪ ಇಳಿಸಿ ಒಪ್ಪಿದರು. ಮಾವನಿಗೆ ಆ ದಿನ ಬಹಳ ಹೆಮ್ಮೆ. ಹರಾಜಿನ ವಿದ್ಯೆ ಜರ್ಮನಿಯಲ್ಲೂ ನಡೆಯುತ್ತದೆ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಇಲ್ಲೊಂದು ಮಾತು. ‘ನೀನಿರೋದು ಇಂಡಿಯಾದಲ್ಲಿ, ಅಲ್ಲಿ ಖರ್ಚು ಕಡಿಮೆ’ ಅಂತ ಹೇಳಿ ಸಂಬಳ ಇಳಿಸುವ ಕಂಪನಿಗಳಿವೆ. ಗಿಟ್‌ಲ್ಯಾಬ್ ಊರು ನೋಡಿಯೇ ಸಂಬಳ ನಿಗದಿ ಮಾಡುವುದಾಗಿ ಬಹಿರಂಗವಾಗಿ ಹೇಳಿಕೊಂಡಿದೆ. ಎಲ್ಲಿದ್ದರೂ ಕೆಲಸಕ್ಕೆ ಒಂದೇ ಸಂಬಳ ಅನ್ನುವವರೂ ಇದ್ದಾರೆ. ನಾವು ಯಾವ ಊರಲ್ಲಿದ್ದೇವೆ ಅನ್ನುವುದಕ್ಕಿಂತ ಏನು ಮಾಡಿಕೊಡುತ್ತೇವೆ ಅನ್ನುವುದರ ಮೇಲೆ ಮಾತು ನಡೆಯುವಂತೆ ನೋಡಿಕೊಳ್ಳಿ.

ದುಡ್ಡು ಬರತೊಡಗಿದ ಮೇಲೆ ಕಾಗದಪತ್ರದ ಕೆಲಸವಿದೆ. ನಮ್ಮಲ್ಲಿ ಕಂಪನಿಯವರೇ ತೆರಿಗೆ ಹಿಡಿದುಕೊಂಡು ಮಿಕ್ಕಿದ್ದು ಕೊಡುತ್ತಾರೆ. ಹೊರದೇಶದವರು ಪೂರ್ತಿ ಕಳಿಸುತ್ತಾರೆ, ಅದನ್ನೆಲ್ಲ ನಮ್ಮದೇ ಅಂದುಕೊಂಡು ಬಂಗಾರ ತೆಗೆದರೆ ಆಮೇಲೆ ತೆರಿಗೆ ಕಟ್ಟಲು ಅದನ್ನೇ ಅಡವಿಡಬೇಕಾಗುತ್ತದೆ. ಇಲ್ಲಿ ಕೂತು ದುಡಿದದ್ದಕ್ಕೆ ಇಲ್ಲೇ ತೆರಿಗೆ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯ ಮಾತೂ ಬರುತ್ತದೆ. ಮೈಸೂರಿಗೆ ಹೋದಾಗ ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ, ಅವರ ಫೀಸು ದಂಡವಲ್ಲ. ಅಮೆರಿಕದ ಕಂಪನಿಯಾದರೆ ಡಬ್ಲ್ಯು-8ಬಿಇಎನ್ ಅನ್ನುವ ಫಾರಂ ಕೇಳುತ್ತಾರೆ, ನಾನು ಅಮೆರಿಕದವಳಲ್ಲ ಅಂತ ಬರೆದುಕೊಡುವ ಕಾಗದ ಅದು, ಹೆದರಬೇಡಿ. ಹಣ ಹೊರದೇಶದಿಂದ ಬಂತು ಅನ್ನುವ ಬ್ಯಾಂಕಿನ ಪತ್ರವನ್ನು ಪ್ರತಿ ಸಲವೂ ತೆಗೆದಿಟ್ಟುಕೊಳ್ಳಿ. ಮತ್ತೆ ದಯವಿಟ್ಟು, ಖಾತೆ ನಿಮ್ಮ ಹೆಸರಿನಲ್ಲಿರಲಿ. ಗಂಡ ಒಳ್ಳೆಯವನೇ ಇರಲಿ, ನಮ್ಮ ಮೈದುನ ಅಪ್ಪಟ ಚಿನ್ನ, ಆದರೂ ದುಡಿದವಳ ಖಾತೆ ದುಡಿದವಳದು.

ಇದನ್ನೆಲ್ಲ ಓದಿ ‘ನಾನೂ ಮೂರು ತಿಂಗಳ ಕೋರ್ಸು ಮಾಡಿ ಡಾಲರ್ ದುಡಿಯುತ್ತೇನೆ’ ಅಂತ ಹೊರಡುವವರನ್ನು ತಡೆಯುವುದೂ ನನ್ನ ಕೆಲಸ. ನಾನೇ ಹೋಗಿ ಬಿದ್ದವಳು. 2013ರಲ್ಲಿ, ಬಿ.ಎ. ಮುಗಿದ ಹೊಸದರಲ್ಲಿ, ‘ಮನೆಯಲ್ಲೇ ಡೇಟಾ ಎಂಟ್ರಿ’ ಅನ್ನುವ ಜಾಹೀರಾತು ನೋಡಿ 3,500 ರೂಪಾಯಿ ರಿಜಿಸ್ಟ್ರೇಷನ್ ಫೀಸು ಕಟ್ಟಿದೆ. ಹಗಲೂರಾತ್ರಿ ಟೈಪ್ ಮಾಡಿ ಕಳಿಸಿದ್ದಕ್ಕೆ ತಪ್ಪು ಜಾಸ್ತಿ ಇದೆ ಅಂತ ದುಡ್ಡು ಕೊಡಲಿಲ್ಲ, ಬದಲಿಗೆ ಅಗ್ರಿಮೆಂಟ್ ಮುರಿದಿದ್ದೀಯ, ನೋಟಿಸ್ ಕಳಿಸುತ್ತೇವೆ ಅಂತ ಹೆದರಿಸಿದರು. ಎಷ್ಟು ಹೆದರಿದ್ದೆನೆಂದರೆ ಅಪ್ಪನಿಗೂ ಹೇಳಲಿಲ್ಲ. ಈಗ ಅದೇ ಮೋಸ ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಬರುತ್ತಿದೆ. ಕೆಲಸ ಕೊಡುವವನು ನಿಮ್ಮಿಂದ ಒಂದು ರೂಪಾಯಿ ಕೇಳಿದರೂ ಅದು ಕೆಲಸವಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ‘ನಿಮ್ಮ ಅಕೌಂಟ್ ನಮಗೆ ಬಾಡಿಗೆಗೆ ಕೊಡಿ, ಲ್ಯಾಪ್‌ಟಾಪ್ ಮನೆಯಲ್ಲಿ ಇಟ್ಟುಕೊಂಡಿರಿ, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಅನ್ನುವವರು. ಸುಮ್ಮನೆ ಬರುವ ದುಡ್ಡು ಅನ್ನಿಸುತ್ತದೆ. ಅಮೆರಿಕದ ಅರಿಜೋನಾದಲ್ಲಿ ಒಬ್ಬ ಹೆಂಗಸು ಹೀಗೇ ಮನೆ ತುಂಬ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಅವುಗಳ ಮೂಲಕ ಉತ್ತರ ಕೊರಿಯಾದವರು ಅಮೆರಿಕದವರಂತೆ ನಟಿಸಿ ಮುನ್ನೂರಕ್ಕೂ ಹೆಚ್ಚು ಕಂಪನಿಗಳಲ್ಲಿ ದುಡಿಯುತ್ತಿದ್ದರು. 2025ರ ಜುಲೈನಲ್ಲಿ ಅವಳಿಗೆ ಎಂಟೂವರೆ ವರ್ಷ ಜೈಲಾಯಿತು. ನಿಮ್ಮ ಹೆಸರು, ಆಧಾರ್, ಅಕೌಂಟು ಯಾರಿಗೂ ಬಾಡಿಗೆಗಿಲ್ಲ.

ಹಾಗಾದರೆ ನನ್ನಂಥ ಬಿ.ಎ.ಗಳಿಗೆ ಏನೂ ಇಲ್ಲವೇ? ಇದೆ, ಆದರೆ ಅದು ಬೇರೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ನಮ್ಮ ದಕ್ಷಿಣ ಕರ್ನಾಟಕದ ಹಳ್ಳಿಗಳ ಹೆಂಗಸರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಕಂಪ್ಯೂಟರಿಗೆ ಕನ್ನಡ ಕಲಿಸಲು ಬಳಸಿತು. ಗಂಟೆಗೆ ಸುಮಾರು 5 ಡಾಲರ್ ಕೊಟ್ಟದ್ದನ್ನು 2023ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆಯೂ ಬರೆದಿತ್ತು. ಮರ್ಯಾದೆಯ ದುಡ್ಡೇ. ಆದರೆ ಅದು ಸಿಕ್ಕಾಗ ಸಿಗುವ ಕೆಲಸ, ತಿಂಗಳ ಸಂಬಳವಲ್ಲ. ಸಾಫ್ಟ್‌ವೇರಿನಲ್ಲಿ ದೊಡ್ಡ ಸಂಬಳ ಬೇಕೆಂದರೆ ಕೆಲವು ವರ್ಷ ಗೇಯ್ದ ಅನುಭವ ಬೇಕು. ಈಗಂತೂ ಚಿಕ್ಕಪುಟ್ಟ ಪ್ರೋಗ್ರಾಂಗಳನ್ನು ಎಐ ಬರೆದುಕೊಡುತ್ತದೆ, ಹೊಸಬರಿಗೆ ಬಾಗಿಲು ಇನ್ನೂ ಕಿರಿದು. ಆದ್ದರಿಂದ ನಾನು ಈ ಮಾತು ಹೇಳುತ್ತಿರುವುದು ಮುಖ್ಯವಾಗಿ ಓದಿ, ನಾಲ್ಕಾರು ವರ್ಷ ದುಡಿದು, ಮದುವೆ ಮಕ್ಕಳು ಅಂತ ಬಿಟ್ಟು ಬಂದು, ಈಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಅಡುಗೆಮನೆಯಲ್ಲಿ ನಿಂತಿರುವವರಿಗೆ. ಅವರ ಅತ್ತೆಯರಿಗೆ, ಅತ್ತಿಗೆಯರಿಗೆ, ವಾರಗಿತ್ತಿಯರಿಗೆ.

ಅವರಿಗಾಗಿ ನಮ್ಮ ಮನೆಯಲ್ಲಿ ಏನು ಮಾಡಿಕೊಂಡೆವು ಅಂತ ಹೇಳುತ್ತೇನೆ. ಹಿಂದಿನ ಉಗ್ರಾಣದ ಕೋಣೆ ಖಾಲಿ ಮಾಡಿಸಿ ಚಿಲಕ ಹಾಕಿಸಿದೆವು. ಚಿಲಕ ಮುಖ್ಯ, ಪರದೆ ಸಾಲದು. ಗ್ಯಾಸಿನವನು, ಹಾಲಿನವನು, ಕೊರಿಯರ್ ಎಲ್ಲ ನನ್ನ ಪಾಲು. ಅವಳು ಬೆಳಿಗ್ಗೆ ಹತ್ತೂವರೆಗೆ ಒಳಗೆ ಹೋದರೆ ಸಂಜೆ ಆರೂವರೆಗೆ ಬರುತ್ತಾಳೆ. ರಾತ್ರಿ ಅಡುಗೆ ಅವಳದು, ಮಧ್ಯಾಹ್ನದ್ದು ನನ್ನದು. ತಿಂಗಳಿಗೊಂದಿಷ್ಟು ದುಡ್ಡು ಕೊಟ್ಟು ಪಾತ್ರೆ ಬಟ್ಟೆಗೆ ಜನ ಇಟ್ಟುಕೊಂಡೆವು, ಆ ಸಂಬಳ ಅವಳು ಕೊಡುತ್ತಾಳೆ. ಸುಲಭವಾಗಿ ಆಗಲಿಲ್ಲ. ಮೊದಲ ತಿಂಗಳು ಅತ್ತೆ ಮಾತು ಬಿಟ್ಟಿದ್ದರು. ನನಗೂ ಒಮ್ಮೊಮ್ಮೆ ‘ಅವಳ ದುಡ್ಡಿಗೆ ನಾನೇಕೆ ದುಡಿಯಲಿ’ ಅಂತ ಹೊಟ್ಟೆಯೊಳಗೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ದಿನ ಅದನ್ನು ಅವಳಿಗೇ ಹೇಳಿಬಿಟ್ಟೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. “ಅಕ್ಕಾ, ನೀವು ಬರೆಯೋಕೆ ಕೂರೋ ಎರಡು ಗಂಟೆ ಹೇಳಿ, ಆಗ ಬಾಗ್ಲು ನಾನು ಕಾಯ್ತೀನಿ” ಅಂದಳು. ಈ ಲೇಖನ ಬರೆದದ್ದು ಎರಡು ಭಾನುವಾರ, ಅದೇ ಉಗ್ರಾಣದ ಕೋಣೆಯಲ್ಲಿ ಕೂತು, ಒಳಗಿನಿಂದ ಚಿಲಕ ಹಾಕಿಕೊಂಡು.

ಅಕ್ಟೋಬರ್ ಕೊನೆಯ ಭಾನುವಾರ ಬಂದರೆ ಜರ್ಮನಿಯವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹನ್ನೆರಡೂವರೆಯ ಮೀಟಿಂಗು ಒಂದೂವರೆಗೆ ಬರುತ್ತದೆ, ಅದು ಮಾವ ಊಟಕ್ಕೆ ಕೂರುವ ಹೊತ್ತು. ಸಂಜೆಯದೂ ಏಳೂವರೆಗೆ ಹೋಗಿ ದೀಪ ಹಚ್ಚುವ ಹೊತ್ತು ಮತ್ತೆ ತಪ್ಪುತ್ತದೆ. ಮಾರ್ಚ್ ಕೊನೆಯವರೆಗೂ ಹಾಗೇ. ಹೋದ ವರ್ಷ ಇದಕ್ಕೇ ರಂಪವಾಗಿತ್ತು. ಈ ಸಲ ಅತ್ತೆ ಕ್ಯಾಲೆಂಡರಿನಲ್ಲಿ ಆ ಭಾನುವಾರದ ಮೇಲೆ ಪೆನ್ನಿನಿಂದ ಗುರುತು ಹಾಕಿಟ್ಟಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ, “ಅವತ್ತಿಂದ ದೀಪ ನಾನೇ ಹಚ್ಕೋತೀನಿ, ನಿಮ್ಮ ಮಾವಂಗೆ ಊಟಕ್ಕೆ ನೀನು ಇಕ್ಕು” ಅಂದರು.